ಬೋಡಿಮೆಟ್ಟಿನ ಕೆಳಗಿನ ನಾಡು

ತಮಿಳುನಾಡಿನ ತೇನಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಕೇರಳದ ಇಡುಕ್ಕಿ ಜಿಲ್ಲೆಯ ಹೊಸ್ತಿಲಿನಲ್ಲಿ, ಬೋಡಿಮೆಟ್ಟು ಎಂಬ ಪುಟ್ಟ ಊರಿದೆ. ಕೊಚ್ಚಿಯಿಂದ ಧನುಷ್ಕೋಡಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ ಘಟ್ಟ ಇಳಿಯಲು ತೊಡಗುವುದು ಇಲ್ಲಿಂದಲೇ. ಬೋಡಿನಾಯಕನೂರಿನಿಂದ ಹೊರಟವರು ಬೆಟ್ಟದ ಬುಡದ ಮುಂದಲ್‌ನಲ್ಲಿ ಬಯಲನ್ನು ಬಿಟ್ಟು, 17 ಹೇರ್‌ಪಿನ್ ತಿರುವುಗಳನ್ನು ಹತ್ತಿ ಈ ಕಣಿವೆಯ ಬಾಯಿಗೆ ಬಂದು ತಲುಪುತ್ತಾರೆ. ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದವರು ಮೇಲೆ ಬರುವಷ್ಟರಲ್ಲಿ ಸೆರಗನ್ನೂ ಶಾಲನ್ನೂ ಬಿಗಿಯಾಗಿ ಹೊದೆಯುತ್ತಾರೆ.

ಇಲ್ಲಿ ನಿಂತು ಎರಡೂ ಕಡೆ ಕಣ್ಣು ಹಾಯಿಸಿದರೆ ಭೂಗೋಳದ ಪಾಠವೊಂದು ಎದುರಿಗೇ ತೆರೆದುಕೊಳ್ಳುತ್ತದೆ. ಪಶ್ಚಿಮಕ್ಕೆ ಪೂಪ್ಪಾರ, ಶಾಂತನ್‌ಪಾರಗಳ ಏಲಕ್ಕಿ ತೋಟಗಳು. ಅವುಗಳಾಚೆ ಮೂನ್ನಾರಿನ ಚಹಾ ಬೆಟ್ಟಗಳು. ನೈಋತ್ಯ ಮಾರುತದ ಮೋಡಗಳು ತಮ್ಮ ಭಾರವನ್ನೆಲ್ಲ ಅಲ್ಲಿ ಇಳಿಸಿಬಿಡುತ್ತವೆ. ಪೂರ್ವಕ್ಕೆ ಬೋಡಿಯ ಬಯಲು, ಅದರಾಚೆ ತೇನಿ, ಆಂಡಿಪಟ್ಟಿ. ದಕ್ಷಿಣಕ್ಕೆ ಬೆಟ್ಟಸಾಲುಗಳ ನಡುವೆ ಚಾಚಿಕೊಂಡ ಕಂಬಂ ಕಣಿವೆ. ಇದು ಮಳೆಯ ನೆರಳಿನ ನಾಡು. ಆಷಾಢದಲ್ಲಿ ಬೆಟ್ಟದ ನೆತ್ತಿಯ ಮೇಲೆ ಮೋಡ ಕವಿದಿರುವಾಗಲೂ ಕೆಳಗಿನ ಹೊಲಕ್ಕೆ ಬರುವುದು ತುಂತುರು, ಹೆಚ್ಚಾಗಿ ಬರೀ ಗಾಳಿ. ಹಿಂಗಾರು ಕೈಕೊಟ್ಟ ವರ್ಷ ಜೋಳ, ಸಜ್ಜೆ, ಹುರುಳಿಯ ಹೊಲಗಳು ಹಾಗೆಯೇ ಒಣಗುತ್ತವೆ. ಮಳೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದೂ ಕೈಗೆ ಸಿಗದಿರುವುದೇ ಈ ಸೀಮೆಯ ಹಳೆಯ ಸಂಕಟ. ಆ ಸಂಕಟವನ್ನು ಮನುಷ್ಯರು ಎದುರಿಸಿದ ಬಗೆ ಹೇಗೆ, ಅದರಲ್ಲಿ ಸಫಲವಾದದ್ದೇನು, ಇನ್ನೂ ಉಳಿದಿರುವುದೇನು ಎಂಬುದು ಈ ನಾಡನ್ನು ನೋಡಲು ಬರುವವರು ತಿಳಿಯಬೇಕಾದ ಕತೆ.

ಕನ್ನಡ ಓದುಗರಿಗೆ ಈ ಸೀಮೆ ಪೂರ್ತಿ ಪರನಾಡೇನೂ ಅಲ್ಲ. ಕಂಬಂ ಕಣಿವೆಯಲ್ಲಿ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡ ಒಕ್ಕಲುಮಕ್ಕಳು ಶತಮಾನಗಳಿಂದ ಇದ್ದಾರೆ. ಸುತ್ತಲಿನವರು ಅವರನ್ನು ಕಪ್ಪಿಲಿಯರೆಂದು ಕರೆದರು. ತಮ್ಮ ಹಿರಿಯರು ತುಂಗಭದ್ರೆಯ ದಂಡೆಯಿಂದ ಬಂದವರೆಂಬ ಐತಿಹ್ಯ ಅವರಲ್ಲಿದೆ. ಕಂಬಂನಲ್ಲಿ ಅವರು ಕಾಪಾಡಿಕೊಂಡು ಬಂದ ದೇವರ ದನಗಳ ಹಿಂಡನ್ನು ತಮಿಳರು ‘ತಂಬಿರಾನ್ ಮಾಡು’ ಎನ್ನುತ್ತಾರೆ. ಅವರ ಕನ್ನಡದಲ್ಲಿ ಅದು ‘ದೇವರ ಆವು’. ಹಿಂಡಿನ ಮುಂದಾಳು ಹೋರಿ ‘ಪಟ್ಟದ ಆವು’. ಅದು ಸತ್ತಾಗ ಹಿಂಡಿನ ಮುಂದೆ ಕಬ್ಬನ್ನು ಇಟ್ಟು, ತಿನ್ನಲು ಮುಂದೆ ಬಂದ ಹೋರಿಗೆ ಪಟ್ಟ ಕಟ್ಟುವ ಪದ್ಧತಿಯನ್ನು ಬ್ರಿಟಿಷರ ಕಾಲದ ಬರಹಗಳು ದಾಖಲಿಸಿವೆ. ಕರ್ನಾಟಕದಲ್ಲಿ ಪುಸ್ತಕದೊಳಗೆ ಸೇರಿಹೋದ ‘ಆವು’ ಎಂಬ ಹಳೆಯ ಮಾತು ಇಲ್ಲಿ ಕೊಟ್ಟಿಗೆಯಲ್ಲಿ ಬಾಳಿತು. ಬರ ಬಂದಾಗ ಮೊದಲು ಬರಿದಾಗುವುದು ಆ ಕೊಟ್ಟಿಗೆಯೇ. ದನ ಮಾರಿದ ಮನೆಯಲ್ಲಿ ಮರುವರ್ಷ ಉಳುಮೆಯಿಲ್ಲ. ಹಾಲಿಲ್ಲದ ಮನೆಯಲ್ಲಿ ಮಗು ಸೊರಗುತ್ತದೆ.

ಈ ನಾಡಿನ ನೆನಪಿನಲ್ಲಿ ಅಳಿಯದೆ ನಿಂತಿರುವ ಬರವೊಂದಿದೆ. 1876ರಿಂದ 1878ರವರೆಗೆ ಮದ್ರಾಸ್ ಪ್ರಾಂತ್ಯವನ್ನೂ ಮೈಸೂರು ಸಂಸ್ಥಾನವನ್ನೂ ಒಟ್ಟಿಗೆ ಹಿಂಡಿದ ಮಹಾಕ್ಷಾಮವದು. ತಮಿಳರು ಅದನ್ನು ‘ಧಾತು ವರ್ಷದ ಪಂಜ’ ಎಂದರು. ಮೈಸೂರಿನ ಹಿರಿಯರು ಧಾತು, ಈಶ್ವರ ಎಂಬ ಆ ಎರಡು ಸಂವತ್ಸರಗಳ ಹೆಸರಿನಿಂದಲೇ ನೆನೆದರು. ದಕ್ಷಿಣ ಮತ್ತು ಪಶ್ಚಿಮ ಭಾರತದಲ್ಲಿ ಆಗ ಅರ್ಧ ಕೋಟಿಗೂ ಮಿಕ್ಕಿ ಜನರು ಸತ್ತರೆಂದು ಅಂದಾಜು. ಹಸಿವೊಂದೇ ಅವರನ್ನು ಕೊಂದದ್ದಲ್ಲ. ಹಸಿದ ದೇಹದ ಮೇಲೆ ಕಾಲರಾ, ಆಮಶಂಕೆ, ಮಲೇರಿಯಾ ಜ್ವರಗಳು ಎರಗಿದವು. ನೀರಿನ ಹೊಂಡ ಬತ್ತುತ್ತ ಬಂದಂತೆ ಉಳಿದ ಕೆಸರು ನೀರನ್ನೇ ದನವೂ ಜನವೂ ಕುಡಿಯಬೇಕಾಯಿತು. ಪರಿಹಾರದ ಶಿಬಿರಗಳಲ್ಲಿ ಗುಂಪುಗೂಡಿದವರಲ್ಲಿ ರೋಗ ಕಾಳ್ಗಿಚ್ಚಿನಂತೆ ಹಬ್ಬಿತು.

ಆ ಬರದ ನಡುವೆ ನಡೆದ ವಾದವೊಂದನ್ನು ಇಂದಿನವರು ಮರೆಯಬಾರದು. ಪರಿಹಾರದ ಖರ್ಚನ್ನು ತಗ್ಗಿಸಲೆಂದು ಸರ್ಕಾರ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್, 1877ರ ಆರಂಭದಲ್ಲಿ, ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ ಸಾಕೆಂದು ಗೊತ್ತುಮಾಡಿದನು. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಮದ್ರಾಸ್ ಪ್ರಾಂತ್ಯದ ಆರೋಗ್ಯಾಧಿಕಾರಿಯಾಗಿದ್ದ ಡಾ. ಕಾರ್ನಿಷ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಮಣ್ಣು ಹೊರುವ ಆಳಿಗೆ ಒಂದೂವರೆ ಪೌಂಡ್ ಧಾನ್ಯ, ಅದರೊಡನೆ ಬೇಳೆ, ತರಕಾರಿ ಬೇಕೇ ಬೇಕು. ಇಲ್ಲವಾದರೆ ಪರಿಹಾರವೇ ಆಳನ್ನು ಸವೆಸುತ್ತದೆ ಎಂಬುದು ಅವರ ವಾದದ ತಿರುಳು. ಕೆಲವೇ ತಿಂಗಳಲ್ಲಿ ಪ್ರಾಂತ್ಯದ ಸರ್ಕಾರ ಧಾನ್ಯದ ಅಳತೆಯನ್ನು ಸ್ವಲ್ಪ ಹೆಚ್ಚಿಸಿ ಬೇಳೆಯನ್ನೂ ಸೇರಿಸಿತು. ಅಷ್ಟರಲ್ಲಿ ಎಷ್ಟೋ ಮಂದಿ ತೀರಿಹೋಗಿದ್ದರು. ಬರ ಪರಿಹಾರವೆಂಬುದು ಖಜಾನೆಯ ಲೆಕ್ಕವಾಗುವ ಮೊದಲು ದೇಹದ ಲೆಕ್ಕವಾಗಬೇಕು ಎಂಬ ಮಾತನ್ನು ವೈದ್ಯರೊಬ್ಬರು ಅಧಿಕಾರದ ಮುಂದೆ ಎತ್ತಿ ಹೇಳಿದ ಪ್ರಸಂಗವಿದು.

ಆ ಕ್ಷಾಮದ ಹೊಡೆತವೇ ಬಹುಕಾಲದಿಂದ ಕಡತದಲ್ಲಿದ್ದ ಯೋಜನೆಯೊಂದಕ್ಕೆ ಜೀವ ತುಂಬಿತು. ಪಶ್ಚಿಮಕ್ಕೆ ಹರಿದು ಕಡಲು ಸೇರುವ ಪೆರಿಯಾರ್ ನದಿಯ ನೀರನ್ನು ಬೆಟ್ಟದ ಮೇಲೆಯೇ ತಡೆದು, ಸುರಂಗ ಕೊರೆದು, ಪೂರ್ವದ ಒಣ ಬಯಲಿಗೆ ತಿರುಗಿಸುವ ಯೋಜನೆಯದು. ತಿರುವಾಂಕೂರು ಸಂಸ್ಥಾನದೊಡನೆ 1886ರಲ್ಲಿ 999 ವರ್ಷಗಳ ಗುತ್ತಿಗೆಯ ಒಪ್ಪಂದವಾಯಿತು. ಮರುವರ್ಷ ಕೆಲಸ ಆರಂಭವಾಗಿ, ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ಮೇಲ್ವಿಚಾರಣೆಯಲ್ಲಿ ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ ಅಣೆಕಟ್ಟು ಎದ್ದಿತು. 1895ರ ಅಕ್ಟೋಬರಿನಲ್ಲಿ ನೀರನ್ನು ಬಯಲಿಗೆ ಬಿಡಲಾಯಿತು.

ಆ ನೀರಿಗೆ ತೆತ್ತ ಬೆಲೆ ಹಣದಲ್ಲಿ ಮುಗಿಯುವುದಿಲ್ಲ. ದಟ್ಟ ಕಾಡು, ಕಟ್ಟಿದ್ದನ್ನು ಕೊಚ್ಚಿಕೊಂಡು ಹೋಗುವ ಪ್ರವಾಹ, ಇವುಗಳಿಗಿಂತ ಮಿಗಿಲಾಗಿ ಮಲೇರಿಯಾ ಮತ್ತು ಕಾಲರಾ ಅಲ್ಲಿಯ ಕೂಲಿಗಳನ್ನು ಕಾಡಿದವು. ನೂರಾರು ಮಂದಿ ರೋಗದಿಂದ ಸತ್ತು ಅಣೆಕಟ್ಟಿನ ಬಳಿಯೇ ಮಣ್ಣಾದರು. ಬರದಿಂದ ಜನರನ್ನು ಉಳಿಸಲು ಕಟ್ಟಿದ ಕಟ್ಟೆಯ ಬುಡದಲ್ಲಿ ಜ್ವರದಿಂದ ಸತ್ತವರು ಮಲಗಿದ್ದಾರೆ. ಅವರಲ್ಲಿ ಬಹುಪಾಲು ಜನರ ಹೆಸರು ಯಾವ ಫಲಕದಲ್ಲೂ ಇಲ್ಲ.

ಕಂಬಂ ಕಣಿವೆಯ ಜನ ಉಪಕಾರವನ್ನು ಮರೆತವರಲ್ಲ. ಗೂಡಲೂರಿನ ಬಳಿಯ ಲೋವರ್ ಕ್ಯಾಂಪಿನಲ್ಲಿ 2013ರಿಂದ ಪೆನ್ನಿಕ್ವಿಕ್ ಸ್ಮಾರಕವಿದೆ. ಜನವರಿ 15 ಅವರು ಹುಟ್ಟಿದ ದಿನ. ಅದು ಪೊಂಗಲಿನ ಆಸುಪಾಸಿಗೇ ಬರುವುದರಿಂದ ರೈತರು ಅವರ ಹೆಸರಿನಲ್ಲಿ ಪೊಂಗಲ್ ಮಾಡುತ್ತಾರೆ. ಮನೆಗಳಲ್ಲಿ, ಚಹಾದಂಗಡಿಗಳಲ್ಲಿ ದೇವರ ಪಟಗಳ ಸಾಲಿನಲ್ಲಿ ಆ ಮೀಸೆಯ ಎಂಜಿನಿಯರರ ಪಟವೂ ತೂಗುತ್ತದೆ. ಕಣಿವೆಯಲ್ಲಿ 14,707 ಎಕರೆ ಗದ್ದೆಗೆ ಎರಡು ಬೆಳೆಯ ನೀರುಂಟು. ಜೂನ್ ಮೊದಲ ವಾರ ಕಾಲುವೆಗೆ ನೀರು ಬಿಡುವ ದಿನವನ್ನು ಊರವರು ಹಬ್ಬದಂತೆ ಕಾಯುತ್ತಾರೆ. ಅಲ್ಲಿಂದ ಮುಂದೆ ವೈಗೈ ನದಿಯ ಮೂಲಕ ಅದೇ ನೀರು ಮದುರೆ, ಶಿವಗಂಗೆ, ರಾಮನಾಥಪುರಗಳ ಕಡೆಗೆ ಸಾಗುತ್ತದೆ. ಹಳೆಯ ಅಣೆಕಟ್ಟಿನ ಭದ್ರತೆಯ ಕುರಿತು ಕೆಳಹರಿವಿನ ಕೇರಳದವರಿಗಿರುವ ಆತಂಕವೂ ಸುಳ್ಳಲ್ಲ. ನೀರಿನ ಮಟ್ಟವನ್ನು 142 ಅಡಿಯವರೆಗೆ ಏರಿಸಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೂ ಎರಡು ರಾಜ್ಯಗಳ ನಡುವಿನ ಆ ಮಾತು ಮುಗಿದಿಲ್ಲ.

ಕಾಲುವೆಯ ದಡದಲ್ಲಿರುವವರಿಗೆ ನೀರು ಬಂದಿತು. ಕಾಲುವೆ ಏರದ ಮೇಲ್ನೆಲಕ್ಕೆ ಬರಲಿಲ್ಲ. ಬೋಡಿಯ ಸುತ್ತಲಿನ ಮಳೆಯಾಶ್ರಿತ ಹೊಲಗಳು, ಆಂಡಿಪಟ್ಟಿಯ ಕೆಂಪು ಬಯಲು, ದಿಂಡಿಗಲ್ಲಿನ ಕಲ್ಲುನೆಲ ಇಂದಿಗೂ ಆಕಾಶವನ್ನೇ ನೋಡುತ್ತವೆ. ನೀರು ಬಂದ ಊರಿನಲ್ಲಿಯೂ ಹೆರಿಗೆಯಲ್ಲಿ ತಾಯಿ ಸಾಯುವುದು, ಭೇದಿಯಿಂದ ಕೂಸು ಸಾಯುವುದು ತಾನಾಗಿ ನಿಲ್ಲಲಿಲ್ಲ. ಅದಕ್ಕೆ ಬೇರೆಯೇ ಬಗೆಯ ಕಾಲುವೆ ಬೇಕಾಗಿತ್ತು. ಅದನ್ನು ತೋಡಿದವರ ನೆಲೆಯನ್ನು ನೋಡಬೇಕಾದರೆ ತೇನಿಯಿಂದ ಪೂರ್ವಕ್ಕೆ, ವತ್ತಲಗುಂಡಿನ ದಾರಿಯಾಗಿ, ದಿಂಡಿಗಲ್ ಜಿಲ್ಲೆಗೆ ಹೋಗಬೇಕು.

ದಿಂಡಿಗಲ್ಲಿನಿಂದ ಮದುರೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಸಿರುಮಲೆ ಬೆಟ್ಟದ ಕೆಳಗೆ, ನೇಕಾರರ ಊರಾದ ಚಿನ್ನಾಳಪಟ್ಟಿಯ ಮಗ್ಗುಲಿಗೆ ಗಾಂಧಿಗ್ರಾಮವಿದೆ. ಅದನ್ನು 1947ರಲ್ಲಿ ಕಟ್ಟಿದವರು ಡಾ. ಟಿ.ಎಸ್. ಸೌಂದರಂ ಮತ್ತು ಅವರ ಪತಿ ಜಿ. ರಾಮಚಂದ್ರನ್. ಸೌಂದರಂ ಅವರು ಟಿ.ವಿ.ಎಸ್. ಬಸ್ಸುಗಳ ಸ್ಥಾಪಕ ಸುಂದರಂ ಅಯ್ಯಂಗಾರರ ಮಗಳು. ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾಗಿ, ವೈದ್ಯರಾಗಿದ್ದ ಮೊದಲ ಪತಿಯನ್ನು ಪ್ಲೇಗಿನಲ್ಲಿ ಕಳೆದುಕೊಂಡರು. ವಿಧವೆಯನ್ನು ಮನೆಯ ಮೂಲೆಗೆ ತಳ್ಳುತ್ತಿದ್ದ ಕಾಲದಲ್ಲಿ ತವರಿನವರ ಬೆಂಬಲದಿಂದ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಡಾಕ್ಟರಾದರು. ಪಟ್ಟಣದಲ್ಲಿ ಕುಳಿತು ಸಂಪಾದಿಸಬಹುದಾಗಿದ್ದ ಅವರು ಹಳ್ಳಿಯನ್ನು ಆರಿಸಿಕೊಂಡರು. ಚಿನ್ನಾಳಪಟ್ಟಿಯಲ್ಲಿ ಚಿಕ್ಕದಾಗಿ ಆರಂಭವಾದ ಅವರ ಚಿಕಿತ್ಸಾಲಯವೇ ಇಂದು ಗಾಂಧಿಗ್ರಾಮದ ಕಸ್ತೂರ್ಬಾ ಆಸ್ಪತ್ರೆಯಾಗಿ ಬೆಳೆದಿದೆ.

ಆಸ್ಪತ್ರೆ ಕಟ್ಟಿದ ಮಾತ್ರಕ್ಕೆ ರೋಗ ತಗ್ಗುವುದಿಲ್ಲವೆಂಬುದು ಅಲ್ಲಿ ಬೇಗನೆ ಅರಿವಾಯಿತು. ಆಸ್ಪತ್ರೆಗೆ ಬರುವವನು ಆಗಲೇ ಕಾಯಿಲೆಯಲ್ಲಿ ಬಿದ್ದವನು. ಬರಲಾಗದವಳು ಮನೆಯಲ್ಲಿಯೇ ಉಳಿಯುತ್ತಾಳೆ. ಆದಕಾರಣ 1959ರಲ್ಲಿ ಸುಮಾರು 1 ಲಕ್ಷ ಜನರಿದ್ದ ಆತ್ತೂರು ಬ್ಲಾಕಿನಲ್ಲಿ ಪ್ರಾಯೋಗಿಕ ಆರೋಗ್ಯ ಯೋಜನೆಯೊಂದನ್ನು ಕೈಗೊಳ್ಳಲಾಯಿತು. ಹೆರಿಗೆ ಮಾಡಿಸುವ ದಾದಿಗೆ ಗೊತ್ತಾದ ಊರುಗಳು, ಗೊತ್ತಾದ ಮನೆಗಳು. ಗರ್ಭಿಣಿಯರ ಪಟ್ಟಿ, ಹುಟ್ಟಿದ ಮಕ್ಕಳ ಪಟ್ಟಿ. ಸಿಡುಬಿನ ಸೂಜಿ, ಕುಡಿಯುವ ನೀರು, ಕಕ್ಕಸು, ಕುಟುಂಬ ಯೋಜನೆಯ ಮಾತು. ಇವೆಲ್ಲವೂ ಒಂದೇ ಕೈಚೀಲದಲ್ಲಿ ಮನೆಮನೆಯ ಬಾಗಿಲಿಗೆ ಹೋದವು. ಆ ಅನುಭವದ ಮೇಲೆ 1964ರಲ್ಲಿ ಗ್ರಾಮೀಣ ಆರೋಗ್ಯ ಮತ್ತು ಕುಟುಂಬ ಕಲ್ಯಾಣದ ತರಬೇತಿ ಸಂಸ್ಥೆ ಅಲ್ಲಿ ನೆಲೆಗೊಂಡಿತು. ಪ್ರಾಥಮಿಕ ಆರೋಗ್ಯ ಪಾಲನೆಯೇ ಎಲ್ಲರ ಆರೋಗ್ಯಕ್ಕೆ ದಾರಿ ಎಂದು ಲೋಕದ ರಾಷ್ಟ್ರಗಳು ಅಲ್ಮಾ ಅತಾದಲ್ಲಿ ಘೋಷಿಸಿದ್ದು 1978ರಲ್ಲಿ. ಆತ್ತೂರಿನ ದಾದಿಯರು ಆ ದಾರಿಯಲ್ಲಿ ಅದಾಗಲೇ ಎರಡು ದಶಕ ನಡೆದಿದ್ದರು.

ಬರದ ಕೂಲಿಗೆ ಎಷ್ಟು ಧಾನ್ಯವೆಂದು ವಾದ ನಡೆದ ನೂರು ವರ್ಷಗಳ ಮೇಲೆ, ಅಂದಿನ ಅಖಂಡ ಮದುರೆ ಜಿಲ್ಲೆಯಲ್ಲಿಯೇ ಇನ್ನೊಂದು ಅಳತೆ ಬಳಕೆಗೆ ಬಂತು. ಇಂದಿನ ತೇನಿ, ದಿಂಡಿಗಲ್ ಜಿಲ್ಲೆಗಳೆರಡೂ ಆಗ ಆ ಜಿಲ್ಲೆಯ ಭಾಗಗಳು. 1980ರಲ್ಲಿ ಮೊದಲಾದ ತಮಿಳುನಾಡು ಸಮಗ್ರ ಪೌಷ್ಟಿಕತಾ ಯೋಜನೆ ಅದರ ಕೊಟ್ಟಾಂಪಟ್ಟಿ ಬ್ಲಾಕಿನಿಂದ ಹೊರಟಿತು. ಊರಿನದೇ ಹೆಣ್ಣುಮಗಳೊಬ್ಬಳು ತಿಂಗಳಿಗೊಮ್ಮೆ ಮೂರು ವರ್ಷದೊಳಗಿನ ಮಕ್ಕಳನ್ನೆಲ್ಲ ತೂಗಿ, ತೂಕವನ್ನು ಗೆರೆಯಾಗಿ ಕಾಗದದ ಮೇಲೆ ಗುರುತಿಸುವಳು. ಗೆರೆ ಏರುತ್ತಿದ್ದರೆ ಚಿಂತೆಯಿಲ್ಲ. ಮಟ್ಟಸವಾದರೆ ಅಥವಾ ಇಳಿದರೆ ಆ ಮಗುವಿಗೆ ಕೂಡಲೇ ಪೂರಕ ಆಹಾರ, ತಾಯಿಗೆ ತಿಳಿವಳಿಕೆ. ಕಣ್ಣಿಗೆ ಆರೋಗ್ಯವಾಗಿ ಕಾಣುವ ಮಗುವೂ ತೂಕ ಕಳೆದುಕೊಳ್ಳುತ್ತಿರಬಹುದೆಂಬುದನ್ನು ತಕ್ಕಡಿ ತಾಯಿಗೆ ತೋರಿಸಿಕೊಟ್ಟಿತು. ಬರದ ಮೊದಲ ಸುದ್ದಿಯನ್ನು ಹೇಳುವುದು ತಹಶೀಲ್ದಾರರ ವರದಿಗಿಂತ ಮೊದಲು ಆ ಗೆರೆಯೇ. 1982ರಲ್ಲಿ ಎಂ.ಜಿ.ಆರ್. ಸರ್ಕಾರ ವಿಸ್ತರಿಸಿದ ಮಧ್ಯಾಹ್ನದ ಊಟ, 2022ರಲ್ಲಿ ಮದುರೆಯ ಶಾಲೆಯೊಂದರಿಂದ ಆರಂಭವಾದ ಬೆಳಗಿನ ಉಪಾಹಾರ, ಇವೂ ಇದೇ ಅರಿವಿನ ಮುಂದುವರಿಕೆಗಳು. ಹೊಲ ಒಣಗಿದರೂ ಶಾಲೆಯ ಒಲೆ ಆರುವುದಿಲ್ಲವೆಂಬ ಧೈರ್ಯವಿದ್ದರೆ ಮಗುವನ್ನು ಕೂಲಿಗೆ ಕಳುಹಿಸುವ ಮನೆಗಳು ಕಡಿಮೆಯಾಗುತ್ತವೆ.

ಇದೇ ಪಾಠವನ್ನು ಸಾಗರದಾಚೆಯ ನಾಡೊಂದು ಕಲಿತ ಬಗೆಯನ್ನು ಇಲ್ಲಿ ನೆನೆಯುವುದು ತಕ್ಕದ್ದು. ಆಫ್ರಿಕಾದ ಇಥಿಯೋಪಿಯ 1984-85ರ ಬರದಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡಿತು. ಲೋಕದ ನಾನಾ ಕಡೆಗಳಿಂದ ಧಾನ್ಯದ ಮೂಟೆಗಳು ಹೋದವು. ಆದರೆ ಬೀಡುಬಿಟ್ಟ ಶಿಬಿರಗಳಲ್ಲಿ ದಡಾರ, ಭೇದಿ, ಜ್ವರಗಳು ಅನೇಕರನ್ನು ಕೊಂದವು. ಮದ್ರಾಸ್ ಪ್ರಾಂತ್ಯದ ಶಿಬಿರಗಳಲ್ಲಿ ನಡೆದದ್ದೇ ನೂರು ವರ್ಷ ಕಳೆದು ಅಲ್ಲಿಯೂ ನಡೆಯಿತು. 2003ರಿಂದ ಆ ದೇಶ ಹಳ್ಳಿಯದೇ ಹೆಣ್ಣುಮಕ್ಕಳನ್ನು ಆರಿಸಿ, ಒಂದು ವರ್ಷ ತರಬೇತಿ ಕೊಟ್ಟು, ಸುಮಾರು 5,000 ಜನರ ಪ್ರತಿ ಗ್ರಾಮಘಟಕಕ್ಕೆ ಇಬ್ಬರಂತೆ ಸಂಬಳದ ಮೇಲೆ ನೇಮಿಸಿತು. ಇಂಥವರ ಸಂಖ್ಯೆ 30 ಸಾವಿರವನ್ನು ದಾಟಿತು. ಲಸಿಕೆ, ಸೊಳ್ಳೆಪರದೆ, ಕಕ್ಕಸು, ಬಾಣಂತಿಯ ಆರೈಕೆ ಇವರ ಕೈಯಲ್ಲಿವೆ. ಬರ ಇಂದಿಗೂ ಆ ನಾಡಿಗೆ ಬರುತ್ತಲೇ ಇದೆ. ಬಂದಾಗ ಊರಿನ ಮಕ್ಕಳ ಹೆಸರನ್ನೂ ತೂಕವನ್ನೂ ಬಲ್ಲವರು ಊರೊಳಗೇ ಇರುವುದು ಅಲ್ಲಾದ ದೊಡ್ಡ ಬದಲಾವಣೆ.

ಬೋಡಿಮೆಟ್ಟಿನ ಕೆಳಗಿನ ನಾಡಿನಲ್ಲಿಯೂ ಮನೆಬಾಗಿಲಿಗೆ ಹೋಗುವ ಕೆಲಸ ನಿಂತಿಲ್ಲ. ಗ್ರಾಮ ಆರೋಗ್ಯ ದಾದಿಯರ ಜೊತೆಗೆ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಮನೆಗೇ ಔಷಧ ತಲುಪಿಸುವ ಯೋಜನೆಯನ್ನು ತಮಿಳುನಾಡು 2021ರಲ್ಲಿ ಆರಂಭಿಸಿತು. ಆದರೆ ಬಾಗಿಲು ತಟ್ಟಿದಾಗ ಒಳಗೆ ಯಾರೂ ಇರದ ಮನೆಗಳ ಸಮಸ್ಯೆ ಇನ್ನೂ ಬಗೆಹರಿಯಬೇಕಾಗಿದೆ. ಬೆಳಗಿನ ಜಾವ, ಕತ್ತಲು ಹರಿಯುವ ಮುನ್ನವೇ, ಬೋಡಿ, ತೇವಾರಂ, ಕಂಬಂ ಸುತ್ತಿನ ಹಳ್ಳಿಗಳಿಂದ ಜೀಪುಗಳು ಘಟ್ಟ ಹತ್ತುತ್ತವೆ. ಒಂದೊಂದರಲ್ಲಿಯೂ ಮಡಿಲಲ್ಲಿ ಬುತ್ತಿಯಿಟ್ಟುಕೊಂಡ ಕೂಲಿ ಹೆಂಗಸರು ಒತ್ತೊತ್ತಾಗಿ ಕುಳಿತಿರುತ್ತಾರೆ. ಹೋಗುವುದು ಗಡಿಯಾಚೆಯ ಏಲಕ್ಕಿ ತೋಟಗಳಿಗೆ, ಮರಳುವುದು ಸಂಜೆಗೆ. ಕೆಳಗೆ ಮಳೆ ಕೈಕೊಟ್ಟ ವರ್ಷ ಮೇಲಿನ ಮಳೆಯನ್ನು ಅರಸಿ ಹೋಗುವವರು ಇವರು. ಹಿಂದಿನವರು ಬೆಟ್ಟದ ನೀರನ್ನು ಬಯಲಿಗೆ ಇಳಿಸಿದರು. ನೀರು ಇಳಿಯದ ಕಡೆಯಿಂದ ಜನರೇ ಬೆಟ್ಟ ಹತ್ತುತ್ತಿದ್ದಾರೆ.

ತೋಟದಲ್ಲಿ ಇವರಿಗೆ ಚಳಿ, ಜಿಗಣೆ, ಒದ್ದೆ ನೆಲ. ಏಲಕ್ಕಿಗೆ ಕೀಟನಾಶಕದ ಸಿಂಪಡಣೆ ಬಲು ಹೆಚ್ಚು. ಸಿಂಪಡಿಸಿದ ಗಿಡಗಳ ನಡುವೆಯೇ ಕಾಯಿ ಕೀಳಬೇಕು. ಅತಿಭಾರದ ಜೀಪುಗಳು ತಿರುವಿನಲ್ಲಿ ಉರುಳಿ ಜೀವಹಾನಿಯಾದ ಸುದ್ದಿ ಈ ಕಡೆಯವರಿಗೆ ಹೊಸದಲ್ಲ. ವಾಸ ಒಂದು ರಾಜ್ಯದಲ್ಲಿ, ದುಡಿಮೆ ಇನ್ನೊಂದರಲ್ಲಿ ಆದಾಗ ಇವರ ಆರೋಗ್ಯದ ಹೊಣೆ ಯಾರದೆಂಬ ಪ್ರಶ್ನೆಯೂ ಗಡಿಯ ಮೇಲೆಯೇ ನಿಂತುಬಿಡುತ್ತದೆ. 2020ರ ಲಾಕ್‌ಡೌನಿನಲ್ಲಿ ಬೋಡಿಮೆಟ್ಟು, ಕಂಬಂಮೆಟ್ಟು, ಕುಮುಳಿಯ ದಾರಿಗಳು ಮುಚ್ಚಿದಾಗ ಈ ಮನೆಗಳ ಕೂಲಿಯೂ ನಿಂತಿತು. ಅದೇ ವರ್ಷ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗಳನ್ನು ತಲುಪಲಾಗದೆ ಪಟ್ಟ ಪಾಡನ್ನು ಕಂಡವರಿಗೆ, ಗಡಿಯ ಬೇಲಿ ಬಡವರ ದೇಹದ ಮೇಲೆ ಹೇಗೆ ಹಾಯುತ್ತದೆಂದು ವಿವರಿಸಿ ಹೇಳಬೇಕಾಗಿಲ್ಲ.

ಇದಕ್ಕೆ ದಾರಿಯಿಲ್ಲದಿಲ್ಲ. ಜೀಪು ಮರಳುವ ಸಂಜೆಯ ಹೊತ್ತಿಗೆ ತೆರೆದಿರುವ ಉಪಕೇಂದ್ರ, ಘಟ್ಟದ ತುದಿಯಲ್ಲಿಯೇ ಎರಡೂ ರಾಜ್ಯಗಳ ದಾದಿಯರಿರುವ ತಪಾಸಣೆಯ ಕೊಠಡಿ, ಸಿಂಪಡಣೆಯಾದ ದಿನ ತೋಟಕ್ಕೆ ಇಳಿಸದ ಕಟ್ಟುಪಾಡು, ಇವು ಅಣೆಕಟ್ಟಿನಷ್ಟು ದುಬಾರಿಯಲ್ಲ. ದುಡಿಯುವವರ ಹೊತ್ತು ನೋಡಿಕೊಂಡು ಅವರ ಬಾಗಿಲಿಗೆ ಹೋಗಬೇಕೆಂಬ ಆತ್ತೂರಿನ ಹಳೆಯ ಪಾಠವನ್ನು ಇಲ್ಲಿಗೂ ಅನ್ವಯಿಸಿದರಾಯಿತು.

ರಜೆಯಲ್ಲಿ ಮಕ್ಕಳೊಡನೆ ಈ ಕಡೆ ಬರುವವರಿಗೆ ದಾರಿ ಸುಲಭ. ಮದುರೆಯಿಂದ ಬೋಡಿನಾಯಕನೂರಿಗೆ 2023ರಿಂದ ಮತ್ತೆ ರೈಲು ಓಡುತ್ತಿದೆ. ಮಳೆಗಾಲ ಕಳೆದ ಮೇಲೆ, ಪೊಂಗಲಿನ ಆಸುಪಾಸಿನಲ್ಲಿ ಬಂದರೆ ಕಣಿವೆ ಹಸುರಾಗಿರುತ್ತದೆ. ಕಂಬಂನ ಪನ್ನೀರ್ ದ್ರಾಕ್ಷಿಯ ಚಪ್ಪರಗಳನ್ನು ನೋಡಬಹುದು. ಮಾಟ್ಟು ಪೊಂಗಲಿನಂದು ದೇವರ ಆವುಗಳ ತೊಳುವಿಗೆ ಬರುವ ಜನರ ನಡುವೆ ನಿಂತು ಹಳೆಯ ಕನ್ನಡವನ್ನು ಕೇಳಬಹುದು. ಲೋವರ್ ಕ್ಯಾಂಪಿನ ಸ್ಮಾರಕವನ್ನು ಮಕ್ಕಳಿಗೆ ತೋರಿಸುವಾಗ ಎಂಜಿನಿಯರರ ಹೆಸರಿನೊಡನೆ ಬೆಟ್ಟದ ಮೇಲೆ ಜ್ವರದಿಂದ ಸತ್ತ ಕೂಲಿಗಳ ಮಾತನ್ನೂ ಹೇಳಬೇಕು. ದಿಂಡಿಗಲ್ಲಿನ ದಾರಿಯಲ್ಲಿ ಮರಳುವವರು ಗಾಂಧಿಗ್ರಾಮದಲ್ಲಿ ಅರ್ಧ ದಿನ ಇಳಿಯುವುದು ಒಳ್ಳೆಯದು. ಬೋಡಿಮೆಟ್ಟಿಗೆ ಹತ್ತುವವರು ಬೆಳಗಿನ ಹೊತ್ತು ಹೊರಟರೆ ಬಯಲು ಮಂಜಿಲ್ಲದೆ ಕಾಣುತ್ತದೆ. ತಿರುವುಗಳಲ್ಲಿ ಮಾತ್ರ ಕೂಲಿಯ ಜೀಪುಗಳಿಗೆ ದಾರಿ ಬಿಡಬೇಕು.